ಲೆಕ್ಕದ ಪುಸ್ತಕದಲ್ಲಿ ಹಾಡಿಗೆ ಜಾಗ ಇರಲಿಲ್ಲ: ದಾವಣಗೆರೆಯ ಒಂದು ರಾಕ್ ಬ್ಯಾಂಡಿನ ಪ್ರಕರಣ

ನನ್ನ ಬೀರುವಿನಲ್ಲಿ ಒಂದು ಉದ್ದ ಪುಸ್ತಕ ಇದೆ. ಕೆಂಪು ರಟ್ಟು, 200 ಪುಟ. ಮೊದಲ ಸಾಲು 2012ರದ್ದು: ಕಾಲೇಜ್ ಫೆಸ್ಟ್, ಮೊದಲ ಬಹುಮಾನ, 5,000 ರೂಪಾಯಿ, ಐದು ಜನಕ್ಕೆ ತಲಾ 1,000. ಐದು ಹುಡುಗರು ದಾವಣಗೆರೆಯಲ್ಲಿ ಕಟ್ಟಿದ ಒಂದು ರಾಕ್ ಬ್ಯಾಂಡಿನ ಪೂರ್ತಿ ಲೆಕ್ಕ ಇದರಲ್ಲಿದೆ. ಬರೆದವಳು ನಾನು.

ಡ್ರಮ್ಸ್ ಬಾರಿಸುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ಆಗ ನಾನು ಬಿ.ಕಾಂ. ಓದುತ್ತಿದ್ದೆ, ಟ್ಯಾಲಿ ಕಲಿಯುತ್ತಿದ್ದೆ. "ಅಕ್ಕಾ, ಲೆಕ್ಕ ನೀನೇ ಬರ್ಕೊಂಬಿಡು, ನಮಗೆ ಆಗಲ್ಲ" ಅಂದ. ಸುಮ್ನೆ ಒಪ್ಪಿಕೊಂಡೆ. ಐದು ವರ್ಷ ಬರೆದೆ. ಹುಡುಗರ ಹೆಸರು ಇಲ್ಲಿ ಬರೆಯುವುದಿಲ್ಲ, ಬ್ಯಾಂಡಿನ ಹೆಸರೂ ಬೇಡ. ಎಲ್ಲರೂ ಈಗ ಅವರವರ ಬದುಕಿನಲ್ಲಿದ್ದಾರೆ. ಹಾಡುಗಾರ, ಗಿಟಾರಿನವನು, ಬೇಸಿನವನು (ಅಂದರೆ ಬೇಸ್ ಗಿಟಾರ್ ಬಾರಿಸುವವನು), ಕೀಬೋರ್ಡಿನವನು, ಮತ್ತು ನನ್ನ ತಮ್ಮ. ಹೀಗೇ ಕರೆಯುತ್ತೇನೆ.

ಇದನ್ನು ಬರೆಯಲು ಕಾರಣ ಇದೆ. ಈ ಬ್ಯಾಂಡ್ ಯಾಕೆ ಒಡೆಯಿತು ಅಂತ ಕೇಳಿದರೆ ನಮ್ಮೂರಲ್ಲಿ ಎರಡು ಉತ್ತರ ಸಿಗುತ್ತವೆ. "ದುಡ್ಡು ಬಂತು, ತಲೆ ತಿರುಗಿತು" ಅನ್ನುವುದು ಒಂದು. "ಬೆಂಗಳೂರಿಗೆ ಹೋದರು, ಕೆಟ್ಟರು" ಅನ್ನುವುದು ಇನ್ನೊಂದು. ಎರಡೂ ಸುಳ್ಳು ಅಂತ ಈ ಪುಸ್ತಕ ಹೇಳುತ್ತೆ.

ಮಂಡಕ್ಕಿ ಮೂಟೆಗಳ ನಡುವೆ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳು ಎಷ್ಟಿವೆ ಅಂದರೆ ಮಂಡಕ್ಕಿ ಭಟ್ಟಿ ಲೇಔಟ್ ಅಂತಲೇ ಒಂದು ಬಡಾವಣೆ ಇದೆ. ನನ್ನ ಚಿಕ್ಕಪ್ಪನದೂ ಒಂದು ಭಟ್ಟಿ. ಬೆಳಗಿನ ಜಾವ ಹೊಟ್ಟು ಹಾಕಿ ಒಲೆ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಸಂಜೆ ಪಕ್ಕದ ಗೋದಾಮು ಖಾಲಿ. ಬ್ಯಾಂಡ್ ಹುಟ್ಟಿದ್ದು ಅಲ್ಲಿ.

ಮೊದಮೊದಲು ಹುಡುಗರು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದರು. ಅದರಿಂದ ಹೊರಗೆ ಹೋಗುವ ಶಬ್ದ ಒಂದಿಷ್ಟೂ ಕಡಿಮೆ ಆಗಲಿಲ್ಲ. ಮೊಟ್ಟೆ ಟ್ರೇ ಒಳಗಿನ ಕಿರುಚಲನ್ನು ಸ್ವಲ್ಪ ಮೆತ್ತಗೆ ಮಾಡುತ್ತೆ ಅಷ್ಟೇ, ಬೇಸಿನ ದುಮ್ಮು ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಜವಾಗಿ ಕೆಲಸಕ್ಕೆ ಬಂದದ್ದು ಮಂಡಕ್ಕಿ ಮೂಟೆ. ಗೋಡೆಗೆ ಒರಗಿಸಿ ಎರಡು ಸಾಲು ಪೇರಿಸಿದ ದಿನ ಗೋದಾಮಿನ ದನಿಯೇ ಬದಲಾಯಿತು. ತಮ್ಮನ ಸ್ನೇರ್ ಡ್ರಮ್ಮಿನ ಪೆಟ್ಟು ಗೋಡೆಗೆ ಬಡಿದು ವಾಪಸ್ ಬರುವುದು ನಿಂತಿತು. ಮಾಲು ಲಾರಿಗೆ ಹೋದ ದಿನ ಮತ್ತೆ ಎಲ್ಲ ಗದ್ದಲ. ಹೀಗಾಗಿ ಪ್ರಾಕ್ಟೀಸ್ ಯಾವತ್ತು ಅಂತ ಮಂಡಕ್ಕಿ ವ್ಯಾಪಾರ ನೋಡಿ ತೀರ್ಮಾನ ಆಗುತ್ತಿತ್ತು. ಭಟ್ಟಿಯ ಮೋಟಾರ್ ಇದ್ದ ಲೈನಿಗೇ ಆಂಪ್ಲಿಫೈಯರ್ ಹಾಕಿದರೆ ಗುಂಯ್ ಅನ್ನುತ್ತಿತ್ತು. ಅದಕ್ಕೆ ಬೇರೆ ಲೈನ್ ಎಳೆಸಿದೆವು. ಪುಸ್ತಕದಲ್ಲಿದೆ: ವೈರು ಮತ್ತು ಕೂಲಿ, 640 ರೂಪಾಯಿ, ಬೇಸಿನವನ ಕೈಯಿಂದ.

ಪುಸ್ತಕದ ಕಾಲಂಗಳು ಇವು: ದಿನಾಂಕ, ಜಾಗ, ಬಂದದ್ದು, ಹೋದದ್ದು, ಯಾರ ಕೈಯಿಂದ, ಯಾತಕ್ಕೆ. ಗಿಟಾರ್ ತಂತಿ ತಂದರೂ ಬರೆಯುತ್ತಿದ್ದೆ, ಟಾಟಾ ಏಸ್ ಬಾಡಿಗೆಯನ್ನೂ ಬರೆಯುತ್ತಿದ್ದೆ. ಕಾರ್ಯಕ್ರಮ ಮುಗಿದ ರಾತ್ರಿ ಸಾಮಾನೆಲ್ಲ ಏರಿಸಿದ ಮೇಲೆ, ಅದೇ ಟಾಟಾ ಏಸಿನ ಹಿಂದುಗಡೆ ಕೂತು, ಮೊಬೈಲ್ ಬೆಳಕಲ್ಲಿ ದುಡ್ಡು ಎಣಿಸುತ್ತಿದ್ದರು. ಖರ್ಚು ಕಳೆದು ಐದು ಪಾಲು. ಎಲ್ಲರ ಕಣ್ಣೆದುರಿಗೆ. ಯಾರಿಗೂ ಮಾತಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಈ ಹಂಚಿಕೆಯ ವಿಷಯ ನೆನಪಿನಲ್ಲಿರಲಿ, ಮುಂದೆ ಬರುತ್ತೆ.

ನಮ್ಮೂರ ಕೇಳುಗರು

ನಮ್ಮ ಕಡೆ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ಹಾಡುವವರ ಗುಂಪು ಅಂದರೆ ಆರ್ಕೆಸ್ಟ್ರಾ. ರಾಕ್ ಬ್ಯಾಂಡ್ ಅಂದರೆ ಏನು ಅಂತ ಪ್ರತಿ ಸಲ ಬಿಡಿಸಿ ಹೇಳಬೇಕಿತ್ತು. ಟಿಕೆಟ್ ಕೊಟ್ಟು ಇಂಥದ್ದನ್ನು ಕೇಳಲು ಬರುವ ಜಾಗ ಊರಲ್ಲಿ ಇರಲಿಲ್ಲ. ಇದ್ದದ್ದು ನಾಲ್ಕೇ ದಾರಿ: ಕಾಲೇಜ್ ಫೆಸ್ಟ್, ಗಣಪತಿ ಪೆಂಡಾಲ್, ನವೆಂಬರ್ ತಿಂಗಳ ಪೂರ್ತಿ ನಡೆಯುವ ರಾಜ್ಯೋತ್ಸವ, ಮತ್ತು ಮದುವೆ ರಿಸೆಪ್ಷನ್.

ಹಾಗಂತ ನಮ್ಮೂರ ಜನಕ್ಕೆ ಸಂಗೀತ ಗೊತ್ತಿಲ್ಲ ಅಂದುಕೊಂಡರೆ ತಪ್ಪು. ಇದು ವೃತ್ತಿರಂಗಭೂಮಿಯ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ನಾಟಕಗಳನ್ನು ರಾತ್ರಿಯಿಡೀ ಕೂತು ನೋಡಿದವರ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹಾರ್ಮೋನಿಯಂನವನು ಒಂದು ಸ್ವರ ತಪ್ಪಿದರೆ ಹಿಂದಿನ ಸಾಲಿನಿಂದ ಕೂಗು ಬರುತ್ತಿತ್ತು ಅಂತ ನಮ್ಮಜ್ಜ ಹೇಳುತ್ತಿದ್ದರು. ಇಂಥ ಜನದ ಮುಂದೆ ನಮ್ಮ ಹುಡುಗರು ಮೊದಲ ಎರಡು ವರ್ಷ ಇಂಗ್ಲಿಷ್ ಹಾಡು ಬಾರಿಸಿದರು. ಕಾಲೇಜಿನಲ್ಲಿ ಚಪ್ಪಾಳೆ ಬಿತ್ತು. 2013ರಲ್ಲಿ ಒಂದು ಗಣಪತಿ ಪೆಂಡಾಲಿನಲ್ಲಿ ಮೂರನೇ ಹಾಡಿನ ಹೊತ್ತಿಗೆ ಒಬ್ಬ ಹಿರಿಯರು ವೇದಿಕೆ ಹತ್ತಿರ ಬಂದು, "ಚೆನ್ನಾಗಿ ಬಾರಸ್ತೀರಪ್ಪ, ನಮಗೂ ತಿಳಿಯೋದು ಒಂದು ಹಾಡ್ರಿ" ಅಂದರು. ಬೈಗುಳ ಅಲ್ಲ ಅದು. ಹುಡುಗರಿಗೆ ತುಂಬ ನಾಟಿತು.

ಕನ್ನಡದಲ್ಲಿ ರಾಕ್ ಆಗುತ್ತೆ ಅಂತ ತೋರಿಸಿದವರು ಆಗಲೇ ಇದ್ದರು. ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ 2002ರಿಂದ ಬಾರಿಸುತ್ತಿತ್ತು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಿತ್ತು. ಅವರ ಹಾಗೆ ಮಾಡೋಣ ಅಂತ ಹಾಡುಗಾರ ಅಂದ. ಅವರ ಹಾಗೆ ಬೇಡ, ನಮ್ಮ ಹಾಗೆ ಮಾಡೋಣ ಅಂತ ಗಿಟಾರಿನವನು ಅಂದ. ನಮ್ಮ ಹಾಗೆ ಅಂದರೆ ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಪೆಡಲ್ ಮುರಿದ ವಾರ

2014ರ ಆರಂಭದಲ್ಲಿ ತಮ್ಮನ ಕಿಕ್ ಡ್ರಮ್ಮಿನ ಪೆಡಲ್ ಮುರಿಯಿತು. ಊರಲ್ಲಿ ಎಲ್ಲೂ ಸಿಗಲಿಲ್ಲ. ಬೆಂಗಳೂರಿನಿಂದ ಬರಲು ವಾರ ಬೇಕು ಅಂದರು. ಶನಿವಾರ ಪ್ರಾಕ್ಟೀಸ್‌ಗೆ ಎಲ್ಲರೂ ಬಂದಾಗಿತ್ತು. ತಮ್ಮ ಎದ್ದು ಹೋಗಿ ಭಟ್ಟಿ ಹತ್ತಿರ ಇಟ್ಟಿದ್ದ ಸಮಾಳ ತಂದ.

ಸಮಾಳ ಗೊತ್ತಲ್ವಾ? ನಂದಿಕೋಲಿನ ಜೊತೆ, ವೀರಭದ್ರ ದೇವರ ಉತ್ಸವದಲ್ಲಿ ಬಾರಿಸುವ ಚರ್ಮದ ವಾದ್ಯ. ತಮ್ಮ ಏಳನೇ ಕ್ಲಾಸಿನಿಂದ ಜಾತ್ರೆಗಳಲ್ಲಿ ಅದನ್ನು ಬಾರಿಸುತ್ತಿದ್ದ. ಡ್ರಮ್ಸ್ ಕಲಿತದ್ದು ಆಮೇಲೆ, ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ. ಚರ್ಮ ತಂಪಿಗೆ ಸಡಿಲ ಆಗುತ್ತೆ, ಬಿಸಿಗೆ ಬಿಗಿ ಆಗುತ್ತೆ. ಅದಕ್ಕೇ ಭಟ್ಟಿಯ ಶಾಖಕ್ಕೆ ಇಟ್ಟಿರುತ್ತಿದ್ದ. ಆ ಸಂಜೆ ಅವನು ಬಾರಿಸಿದ್ದು ಆರು ಪೆಟ್ಟಿನ ಒಂದು ನಡೆ. ನಾಲ್ಕನೇ ಪೆಟ್ಟು ಒಂಚೂರು ತಡವಾಗಿ ಬೀಳುತ್ತೆ. ಹೆಜ್ಜೆ ಎತ್ತಿ ಇಡುವ ಮುಂಚೆ ಕಾಲು ಗಾಳಿಯಲ್ಲಿ ನಿಂತ ಹಾಗೆ.

ಗಿಟಾರಿನವನು ಅರ್ಧ ಗಂಟೆ ಬರೀ ಕೇಳಿದ. ಆಮೇಲೆ ಆ ತಡದ ಸಂದಿಯಲ್ಲಿ ಒಂದೇ ಸ್ವರ ಇಟ್ಟ. ಇನ್ನೊಂದು ಸುತ್ತಿಗೆ ಎರಡು ಸ್ವರ. ಹಾಡುಗಾರನ ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ನೋಡಿದವರು, ಗಿರಣಿ ಬಾಗಿಲು ಹಾಕಿದ್ದನ್ನೂ ನೋಡಿದವರು. ಗಿರಣಿಯ ಕೂಗು ನಿಂತ ಮೇಲೂ ಅದೇ ಹೊತ್ತಿಗೆ ಎಚ್ಚರ ಆಗುವ ಮನುಷ್ಯನ ಬಗ್ಗೆ ಹಾಡುಗಾರ ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದ. ಆ ಸಾಲುಗಳು ಈ ನಡೆಯ ಮೇಲೆ ಕೂತವು. ನಾನು ಅಲ್ಲೇ ಮೂಟೆ ಮೇಲೆ ಕೂತಿದ್ದೆ. ಮೈ ಜುಮ್ಮೆಂದಿತು. ಇವತ್ತಿಗೂ ಬರೆಯುವಾಗ ಜುಮ್ಮೆನ್ನುತ್ತೆ.

ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: ಪೆಡಲ್ ಮುಂಗಡ, 2,800, ಡ್ರಮ್ಸ್‌ನವನ ಕೈಯಿಂದ.

ಹಾಡು ಹುಟ್ಟಿದ್ದು ಎಲ್ಲೂ ಬರೆದಿಲ್ಲ. ಯಾರು ಏನು ತಂದರು ಅಂತ ಬರೆಯುವುದೇ ನನ್ನ ಕೆಲಸ. ತಂತಿ ತಂದವನ ಹೆಸರು ಬರೆದೆ, ವೈರ್ ತಂದವನ ಹೆಸರು ಬರೆದೆ. ನಡೆ ತಂದವನ ಹೆಸರು ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಏರಿದ ಮೂರು ವರ್ಷ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಂತೋಷದ ದಿನಗಳಲ್ಲಿ ಪ್ರಕರಣ ಅಂತ ಏನೂ ಇರುವುದಿಲ್ಲ.

ಆ ಹಾಡಿನ ಹಿಂದೆ ಇನ್ನೂ ಆರು ಹಾಡು ಬಂದವು. 2014ರ ರಾಜ್ಯೋತ್ಸವಕ್ಕೆ ಒಂದು ಕಾರ್ಯಕ್ರಮಕ್ಕೆ 12,000 ಸಿಕ್ಕಿತು. 2015ರಲ್ಲಿ ಮೂವರ ಇಂಜಿನಿಯರಿಂಗ್ ಮುಗಿಯಿತು. ಗಿಟಾರಿನವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಜನ ಹೇಳುವ ಪ್ರಕಾರ ಬ್ಯಾಂಡ್ ಅವತ್ತೇ ಒಡೆಯಬೇಕಿತ್ತು. ಒಡೆಯಲಿಲ್ಲ. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಗಿಟಾರ್ ಸಮೇತ ಬರುತ್ತಿದ್ದ, ಭಾನುವಾರ ರಾತ್ರಿ ವಾಪಸ್ ಹೋಗುತ್ತಿದ್ದ. 300 ಕಿಲೋಮೀಟರಿಗೂ ಜಾಸ್ತಿ ರೈಲು ದಾರಿ, ಎರಡು ವರ್ಷ. ಸೀಟು ಸಿಗದೆ ಬಾಗಿಲ ಹತ್ತಿರ ಗಿಟಾರ್ ತಬ್ಬಿಕೊಂಡು ಕೂತು ಬಂದ ರಾತ್ರಿಗಳಿವೆ. ಬೆಂಗಳೂರು ಈ ಬ್ಯಾಂಡನ್ನು ಒಡೆಯಿತು ಅನ್ನುವವರು ಆ ಹುಡುಗನ ಟಿಕೆಟ್‌ಗಳನ್ನು ನೋಡಬೇಕು. ನಾನು ಅಂಟಿಸಿಟ್ಟಿದ್ದೇನೆ.

ಕಷ್ಟ ಇದ್ದದ್ದು ಬೇರೆ ಕಡೆ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದ ಪ್ರಕಾರ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು ಅಷ್ಟೇ. ನಿಯಮ ಸರಿಯಾದದ್ದೇ, ಮಕ್ಕಳು ಮುದುಕರು ಮಲಗಬೇಕು. ಆದರೆ ನಮ್ಮ ಕಾರ್ಯಕ್ರಮಗಳಲ್ಲಿ 7ಕ್ಕೆ ಶುರು ಅಂದರೆ 8ಕ್ಕೆ ದೀಪ ಹಚ್ಚುತ್ತಾರೆ. ಆಮೇಲೆ ಸನ್ಮಾನ, ಭಾಷಣ. ಬ್ಯಾಂಡ್ ಕೈಗೆ ಮೈಕ್ ಬರುವಾಗ 9 ಗಂಟೆ 35 ನಿಮಿಷ. 25 ನಿಮಿಷಕ್ಕೆ ಐದು ಹಾಡು. ಸೌಂಡ್ ಚೆಕ್ ಅನ್ನುವ ಮಾತೇ ಇಲ್ಲ. ಹಾಗಾಗಿ ಮೊದಲ ಹಾಡೇ ಆ ಗಿರಣಿ ಹಾಡು ಆಗಿರುತ್ತಿತ್ತು. ತಮ್ಮ ಒಬ್ಬನೇ ಎದ್ದು ನಿಂತು ಸಮಾಳ ಶುರು ಮಾಡುತ್ತಿದ್ದ. ಆ ಒಂದು ನಿಮಿಷದಲ್ಲಿ ಸೌಂಡಿನವರು ಉಳಿದವರ ಲೈನ್ ಸರಿ ಮಾಡಿಕೊಳ್ಳುತ್ತಿದ್ದರು. ಕುರ್ಚಿ ಬಿಟ್ಟು ಏಳುತ್ತಿದ್ದ ಜನ ಆ ಪೆಟ್ಟು ಕೇಳಿ ವಾಪಸ್ ಕೂರುತ್ತಿದ್ದರು. ಇದನ್ನು ನಾನು ಒಂದಲ್ಲ, ಹತ್ತು ಸಲ ಕಣ್ಣಾರೆ ನೋಡಿದ್ದೇನೆ.

ಹಾಡನ್ನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದೆವು. ಖರ್ಚು 22,000, ಎಲ್ಲರ ಸಾಮಾನ್ಯ ದುಡ್ಡಿನಿಂದ. ವಿಡಿಯೋವನ್ನು ಒಂದು ಹಳೇ ಗಿರಣಿ ಗೋಡೆ ಮುಂದೆ ಮತ್ತು ಕುಂದವಾಡ ಕೆರೆ ಏರಿ ಮೇಲೆ ತೆಗೆದೆವು. ಯೂಟ್ಯೂಬಿಗೆ ಹಾಕಿದ್ದು 2016ರ ಸೆಪ್ಟೆಂಬರ್ 5, ಗಣೇಶ ಚತುರ್ಥಿ. ಅದೇ ದಿನ ಜಿಯೋ ಶುರುವಾಯಿತು. ಆವರೆಗೆ ನಮ್ಮೂರ ಹುಡುಗರು ಎಂಬಿ ಲೆಕ್ಕ ಹಾಕಿ ವಿಡಿಯೋ ನೋಡುತ್ತಿದ್ದರು. ಒಮ್ಮೆಲೇ ಡೇಟಾ ಪುಕ್ಕಟೆ. ಹಾಡು ಹರಿಹರ, ಜಗಳೂರು, ಹರಪನಹಳ್ಳಿ ಅಂತ ಫೋನಿಂದ ಫೋನಿಗೆ ಹೋಯಿತು. ನಮಗೆ ಗೊತ್ತಿಲ್ಲದ ಊರಿನವರು ಫೋನ್ ಮಾಡಿ ತಾರೀಕು ಕೇಳತೊಡಗಿದರು.

ವಿಡಿಯೋ ಕೆಳಗೆ ಹೆಸರು ಟೈಪ್ ಮಾಡಿದವಳು ನಾನು. ಸಾಹಿತ್ಯ ಅಂತ ಹಾಡುಗಾರನ ಹೆಸರು. ಸಂಗೀತ ಅಂತ ಗಿಟಾರಿನವನ ಹೆಸರು. ಅದರ ಕೆಳಗೆ ವಾದ್ಯಗಳ ಪಟ್ಟಿಯಲ್ಲಿ, ಕೊನೆಗೆ, ಡ್ರಮ್ಸ್ ಮತ್ತು ಸಮಾಳ ಅಂತ ತಮ್ಮನ ಹೆಸರು. ಯಾರೋ ಹೇಳಿದ್ದಲ್ಲ, ಸಿನಿಮಾ ಹಾಡುಗಳಲ್ಲಿ ಹಾಗೇ ಇರುತ್ತೆ ಅಂತ ನಾನೇ ಹಾಗೆ ಹಾಕಿದೆ. ತಮ್ಮ ಪಕ್ಕದಲ್ಲೇ ನಿಂತು ನೋಡಿದ. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹಂಚಿಕೆ ನಿಂತ ದಿನ

2016ರ ನವೆಂಬರ್ 6, ಭಾನುವಾರ. ಒಂದು ರಾಜ್ಯೋತ್ಸವ ಕಾರ್ಯಕ್ರಮ, 35,000 ರೂಪಾಯಿ. ಅಲ್ಲಿಯವರೆಗೆ ಬಂದ ಅತಿ ಜಾಸ್ತಿ ಮೊತ್ತ. ಎಲ್ಲ 500 ಮತ್ತು 1,000ದ ನೋಟು. ಗಿಟಾರಿನವನು ರೈಲಿಗೆ ಓಡಬೇಕಿತ್ತು, ಮುಂದಿನ ವಾರ ಹಂಚೋಣ ಅಂದರು. ದುಡ್ಡು ನನ್ನ ಹತ್ತಿರ ಉಳಿಯಿತು.

8ನೇ ತಾರೀಕು ರಾತ್ರಿ ಆ ನೋಟುಗಳು ರದ್ದಾದವು.

ಬದಲಾಯಿಸಿಕೊಳ್ಳಲು ಮೊದಲಿಗೆ ತಲೆಗೆ 4,000ದ ಮಿತಿ. ಬ್ಯಾಂಡಿಗೆ ಬ್ಯಾಂಕ್ ಖಾತೆ ಇರಲಿಲ್ಲ. ಅಷ್ಟೂ ದುಡ್ಡನ್ನು ಯಾರದಾದರೂ ಖಾತೆಗೆ ಕಟ್ಟಬೇಕು. ಹಾಡುಗಾರ ಆಗ ಊರಲ್ಲೇ ಪಾಠ ಹೇಳುತ್ತಿದ್ದ, ಅವನಿಗೆ ಸಂಬಳದ ಖಾತೆ ಇತ್ತು. ಅವನೇ ಎರಡು ದಿನ ಸಾಲಿನಲ್ಲಿ ನಿಂತು ಕಟ್ಟಿದ. ಒಳ್ಳೆ ಮನಸ್ಸಿನಿಂದಲೇ ಮಾಡಿದ ಕೆಲಸ ಅದು, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ವಾಪಸ್ ತೆಗೆಯಲು ವಾರಕ್ಕೆ 24,000ದ ಮಿತಿ, ಅದರಲ್ಲಿ ಅವನ ಮನೆ ಖರ್ಚೂ ಆಗಬೇಕು. ಇರಲಿ, ಆಮೇಲೆ ನೋಡೋಣ ಅಂದುಕೊಂಡೆವು. ಕೈಯಲ್ಲಿ ನೋಟಿಲ್ಲದೆ ಕಾರ್ಯಕ್ರಮ ಮಾಡಿಸುವವರೂ ಚೆಕ್ ಕೊಡತೊಡಗಿದರು, ಖಾತೆಗೆ ಹಾಕತೊಡಗಿದರು. ಎಲ್ಲವೂ ಅದೇ ಖಾತೆಗೆ.

ಟಾಟಾ ಏಸಿನ ಹಿಂದೆ ಕೂತು ಎಣಿಸುವುದು ಅಲ್ಲಿಗೆ ನಿಂತಿತು. ಪುಸ್ತಕದಲ್ಲಿ ಅದು ಚೆನ್ನಾಗಿ ಕಾಣುತ್ತೆ. ಆ ನವೆಂಬರಿನಿಂದ 2017ರ ಜೂನ್‌ವರೆಗೆ ಬಂದದ್ದು 2,46,000, ಹೋದದ್ದು 1,32,000. ಉಳಿದದ್ದು 1,14,000. ಐದು ಪಾಲು ಮಾಡಿದರೆ ತಲಾ 22,800. ಏಳೆಂಟು ತಿಂಗಳ ದುಡಿಮೆಗೆ ಇದು ತಲೆ ತಿರುಗುವ ದುಡ್ಡಲ್ಲ. ಹಾಡುಗಾರ ಅದರಲ್ಲಿ ಒಂದು ರೂಪಾಯಿ ಮುಟ್ಟಿರಲಿಲ್ಲ. ಆದರೆ ಬೇಸಿನವನು ತನ್ನ ಅಕ್ಕನ ಮದುವೆಗೆ ಪಾಲು ಬೇಕಾದಾಗ ಗೆಳೆಯನ ಹತ್ತಿರ ಕೇಳಬೇಕಾಯಿತು. ಮುಂಚೆ ತೆಗೆದುಕೊಳ್ಳುತ್ತಿದ್ದದ್ದು, ಈಗ ಕೇಳಿ ಪಡೆಯಬೇಕಾದದ್ದು. ದುಡ್ಡು ಅದೇ. ಕೇಳುವವನ ಮುಖ ಬೇರೆ ಆಗಿತ್ತು. ಹಾಡುಗಾರನಿಗೂ ಕೊಡುವವನ ಧ್ವನಿ ಬಂದುಬಿಟ್ಟಿತ್ತು, ಅವನಿಗೇ ಗೊತ್ತಿಲ್ಲದೆ.

ಐದು ಹೆಸರಿನಲ್ಲಿ ಒಂದು ಜಂಟಿ ಖಾತೆ ತೆರೆಯಿರಿ ಅಂತ ನಾನು ಜನವರಿಯಲ್ಲಿ ಒಂದು ಸಲ ಹೇಳಿದೆ. "ಅಕ್ಕಾ, ನಮ್ಮ ನಮ್ಮಲ್ಲೇ ಅದೆಲ್ಲ ಯಾಕೆ" ಅಂದರು. ಮತ್ತೆ ಹೇಳಲಿಲ್ಲ. ದುಡ್ಡಿನ ಮಾತು ಎತ್ತಿದರೆ ಸ್ನೇಹ ಕೆಡುತ್ತೆ ಅಂತ ನಮ್ಮಲ್ಲಿ ಎಲ್ಲರಿಗೂ ಭಯ. ಇಲ್ಲಿ ಕೆಡಿಸಿದ್ದು ಎತ್ತದೇ ಇದ್ದ ಮಾತು.

ಎರಡು ಹೆಸರು

2017ರ ಬೇಸಿಗೆಯಲ್ಲಿ ಒಂದು ಸಂಗೀತ ಕಂಪನಿಯವರು ಗಿರಣಿ ಹಾಡನ್ನು ಕೇಳಿದರು. ವಿಡಿಯೋ ಕೆಳಗೆ ಸಾಹಿತ್ಯ, ಸಂಗೀತ ಅಂತ ಎರಡು ಹೆಸರು ಇತ್ತಲ್ಲ, ಆ ಇಬ್ಬರನ್ನೇ ಕರೆದರು. ಇಬ್ಬರೂ ಸಹಿ ಹಾಕಿದರು. ಮುಂಗಡ 60,000. ಉಳಿದವರಿಗೆ ಖುಷಿಯಿಂದಲೇ ಹೇಳಿದರು: ನಮ್ಮ ಹಾಡು ಕಂಪನಿ ತಗೊಂಡಿದೆ. ಐದು ಪಾಲು ಮಾಡೋಣ ಅಂತಲೂ ಅಂದರು. ಜೂನ್ ಕೊನೆಗೆ ಕಂಪನಿಯವರು ಹಾಡು ಬಿಟ್ಟರು. ಅದರಲ್ಲಿ ಎರಡೇ ಹೆಸರು. ಕೆಳಗಿನ ವಾದ್ಯಗಳ ಪಟ್ಟಿಯೇ ಇಲ್ಲ.

ತಮ್ಮ ಅದನ್ನು ಭಟ್ಟಿಯಲ್ಲಿ ಕೂತು ಫೋನಿನಲ್ಲಿ ನೋಡಿದ.

ಜುಲೈಯಲ್ಲಿ ಗೋದಾಮಿನಲ್ಲಿ ಸೇರಿದರು. ನಾನೂ ಇದ್ದೆ. ಕೂಗಾಟ ಏನೂ ಆಗಲಿಲ್ಲ. ಹಾಡುಗಾರ ಅಂದ: "ಮಾತು ನಂದು, ಟ್ಯೂನ್ ಇವನದು. ಬೀಟ್ ಎಲ್ಲ ಹಾಡಿಗೂ ಇರುತ್ತಲ್ಲೋ." ಗಿಟಾರಿನವನು ಅಂದ: "ಆ ನಡೆ ನಿಂದೂ ಅಲ್ಲಲೇ. ಜಾತ್ರೆದು. ನೂರಾರು ವರ್ಷದಿಂದ ಬಾರಸ್ತಾ ಬಂದಿದ್ದಾರೆ." ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಹೌದು, ಜಾತ್ರೆದು. ಹಂಗಂತ ಆದ್ರೂ ಬರೀಬೇಕಿತ್ತಲ್ಲ. ಅದನ್ನೂ ಬರ್ದಿಲ್ಲ."

ಯಾರೂ ಮಾತಾಡಲಿಲ್ಲ. ಆ ಮಾತಿಗೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಆ ಸಾಲು ಟೈಪ್ ಮಾಡಿದ ಕೈ ನನ್ನದು.

ಈಗ ನಾನು ತೆರಿಗೆ ಲೆಕ್ಕ ನೋಡುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆ ಜಗಳ ಆದ ಮೇಲೆ ಕಾಯ್ದೆ ಪುಸ್ತಕಗಳನ್ನು ಹುಡುಕಿ ಓದಿದೆ. ಅದನ್ನು ಇಲ್ಲಿ ಹೇಳಲೇಬೇಕು, ಬೇರೆ ಹುಡುಗರಿಗೆ ಉಪಯೋಗ ಆಗುತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡು ಅನ್ನುವುದು ಒಂದೇ ವಸ್ತು ಅಲ್ಲ. ಮಾತು ಬೇರೆ ಕೃತಿ, ಸಂಗೀತ ಬೇರೆ ಕೃತಿ, ರೆಕಾರ್ಡಿಂಗ್ ಇನ್ನೂ ಬೇರೆ. ರೆಕಾರ್ಡಿಂಗ್ ಮಾಡಿಸುವ ಹೊಣೆ ಹೊತ್ತವರು ಅದರ ನಿರ್ಮಾಪಕರು. ನಮ್ಮಲ್ಲಿ 22,000 ಹೋದದ್ದು ಐದು ಜನರ ದುಡ್ಡು, ಹಾಗಾಗಿ ರೆಕಾರ್ಡಿಂಗ್ ಐವರದ್ದೂ ಅಂತ ನನ್ನ ಓದು. ಬಾರಿಸಿದವರಿಗೂ ಕಲಾವಿದರ ಹಕ್ಕು ಅಂತ ಪ್ರತ್ಯೇಕವಾಗಿ ಇದೆ. 2012ರ ತಿದ್ದುಪಡಿಯಲ್ಲಿ ಅದನ್ನು ಬಲಪಡಿಸಿದರು. ಜಾತ್ರೆಯ ನಡೆಗೆ ಒಡೆಯ ಇಲ್ಲ, ಗಿಟಾರಿನವನ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಹಳೆಯದನ್ನು ಹೊಸದಾಗಿ ಜೋಡಿಸಿದ ಕೆಲಸಕ್ಕೆ ಬೆಲೆ ಇಲ್ಲ ಅಂತ ಅರ್ಥ ಅಲ್ಲ. ಆ ಟ್ಯೂನ್ ಕೂತಿದ್ದೇ ನಾಲ್ಕನೇ ಪೆಟ್ಟಿನ ತಡದಲ್ಲಿ. ನಡೆ ತೆಗೆದುಬಿಟ್ಟರೆ ಅಲ್ಲಿ ಸ್ವರ ಇಡಲು ಸಂದಿಯೇ ಇರುವುದಿಲ್ಲ. ಇದು ಇಬ್ಬರೂ ಸೇರಿ ಮಾಡಿದ ಸಂಗೀತ ಅಂತಲೇ ನಾನು ನಂಬುತ್ತೇನೆ. ತಮ್ಮ ಅಂತ ಹೇಳುತ್ತಿಲ್ಲ. ಮೂಟೆ ಮೇಲೆ ಕೂತು ಅದು ಹುಟ್ಟಿದ್ದನ್ನು ನೋಡಿದವಳಾಗಿ ಹೇಳುತ್ತಿದ್ದೇನೆ.

ಇನ್ನೊಂದು, 1932ರ ಪಾಲುದಾರಿಕೆ ಕಾಯ್ದೆ. ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದರೆ ಲಾಭ ಸಮ ಪಾಲು, ನಷ್ಟವೂ ಸಮ ಪಾಲು. ಕಾಗದ ಇಲ್ಲದಿದ್ದರೂ ಪಾಲುದಾರಿಕೆ ಆಗುತ್ತೆ, ನಡೆದುಕೊಂಡ ರೀತಿಯಿಂದಲೇ. ಟಾಟಾ ಏಸಿನ ಹಿಂದೆ ಕೂತು ಅವರು ಮಾಡುತ್ತಿದ್ದದ್ದು ಅಕ್ಷರಶಃ ಅದೇ. ಕಂಪನಿಗಳ ಕರಾರಿಗೆ ಸಹಿ ಹಾಕುವವರು ಇನ್ನೊಂದನ್ನೂ ನೋಡಬೇಕು: ಕೃತಿಸ್ವಾಮ್ಯ ವರ್ಗಾವಣೆ ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮ ಹುಡುಗರು ಕೊನೆಯ ಪುಟ ಮಾತ್ರ ಓದಿದ್ದರು, ಮೊತ್ತ ಇದ್ದದ್ದು ಅಲ್ಲಿ.

ಗಣಪತಿ ಪೆಂಡಾಲಿನ ಮೂರನೇ ರಾತ್ರಿ

2017ರ ಗಣೇಶ ಚತುರ್ಥಿ ಆಗಸ್ಟ್ 25. ಮೂರು ಪೆಂಡಾಲಿಗೆ ಮುಂಗಡ ಪಡೆದಾಗಿತ್ತು. ಕೊಟ್ಟ ಮಾತು ತಪ್ಪಬಾರದು ಅಂತ ತಮ್ಮ ಬಂದ. ಮೊದಲ ಎರಡು ರಾತ್ರಿ ಡ್ರಮ್ಸ್ ಬಾರಿಸಿದ, ಯಾರ ಜೊತೆಗೂ ಮಾತಾಡಲಿಲ್ಲ. ಗಿರಣಿ ಹಾಡನ್ನು ಹಾಡುಗಾರನೇ ಪಟ್ಟಿಯಿಂದ ಬಿಟ್ಟಿದ್ದ.

ಮೂರನೇ ರಾತ್ರಿ ಜನ ಬಿಡಲಿಲ್ಲ. ಆ ಹಾಡೇ ಬೇಕು ಅಂತ ಕೂಗು. ಹಾಡುಗಾರ ತಿರುಗಿ ತಮ್ಮನ ಮುಖ ನೋಡಿದ. ತಮ್ಮ ಎರಡೂ ಕಡ್ಡಿಗಳನ್ನು ತೊಡೆ ಮೇಲೆ ಇಟ್ಟುಕೊಂಡು ಕೂತ. ಸಮಾಳ ಪಕ್ಕದಲ್ಲೇ ಇತ್ತು. ಅವನು ಮುಟ್ಟಲಿಲ್ಲ. ಕೀಬೋರ್ಡಿನವನು ತನ್ನ ಕೀಬೋರ್ಡಿನಲ್ಲಿದ್ದ ಒಂದು ರಿದಂ ಒತ್ತಿದ. ನೇರ ನಾಲ್ಕು ಪೆಟ್ಟು. ಗಿಟಾರಿನವನು ಶುರು ಮಾಡಿದ. ತಡ ಬೀಳಬೇಕಾದಲ್ಲಿ ತಡ ಬೀಳಲಿಲ್ಲ, ಅವನ ಸ್ವರ ಮುಂದೆ ಹೋಗಿ ಬಿತ್ತು. ಎರಡನೇ ಸುತ್ತಿನಲ್ಲೂ ಹಾಗೇ. ಹಾಡುಗಾರ ಮೊದಲ ಸಾಲು ಹಾಡಿ ನಿಲ್ಲಿಸಿದ. ಮೈಕ್ ಕೆಳಗಿಟ್ಟು, ಕೈ ಮುಗಿದ. ಜನ ಏನೋ ಕರೆಂಟಿನ ತೊಂದರೆ ಅಂದುಕೊಂಡರು.

ಗಿಟಾರಿನವನು ಅವತ್ತು ರಾತ್ರಿ ನನ್ನ ಹತ್ತಿರ ಬಂದು, "ಅಕ್ಕಾ, ಅದು ಬರೀ ಬೀಟ್ ಅಲ್ಲ ಅಂತ ನನಗೆ ಕೈಗೇ ಗೊತ್ತಾಯ್ತು" ಅಂದ. ಅವನ ಕಣ್ಣು ಒದ್ದೆ ಆಗಿತ್ತು. ತಮ್ಮನ ಹತ್ತಿರ ಹೋಗಿ ಹೇಳು ಅಂದೆ. ತಮ್ಮ ಆಗಲೇ ಸಾಮಾನು ಏರಿಸಿಕೊಂಡು ಹೋಗಿದ್ದ.

ನವೆಂಬರಿನಲ್ಲಿ ಲೆಕ್ಕ ಚುಕ್ತಾ ಮಾಡಲು ಕೊನೇ ಸಲ ಸೇರಿದರು. ಪುಸ್ತಕ ತೆಗೆದು ಓದಿದೆ. ಪೆಡಲಿನ 2,800 ಸೇರಿ ಯಾರ ಕೈಯಿಂದ ಎಷ್ಟು ಹೋಗಿದೆಯೋ ಎಲ್ಲ ಕೊಟ್ಟರು. ಉಳಿದದ್ದು ಐದು ಪಾಲಾಯಿತು. ಮಿಕ್ಸರ್ ಬೇಸಿನವನಿಗೆ, ಸ್ಪೀಕರ್ ಕೀಬೋರ್ಡಿನವನಿಗೆ. ಒಂದು ರೂಪಾಯಿಗೂ ತಕರಾರು ಬರಲಿಲ್ಲ. ಕಂಪನಿಯ ಮುಂಗಡದಲ್ಲಿ ತಮ್ಮನ ಪಾಲು 12,000 ಲಕೋಟೆಯಲ್ಲಿ ಹಾಕಿ ಮುಂದಿಟ್ಟರು. ಅವನು ಅದನ್ನು ನನ್ನ ಕಡೆ ಸರಿಸಿದ. "ಮೊದ್ಲು ಹೆಸರು ಹಾಕ್ರಿ" ಅಂದ. ಕಂಪನಿಗೆ ಹಾಡುಗಾರ ಎರಡು ಸಲ ಬರೆದ. ಉತ್ತರ ಬರಲಿಲ್ಲ. ಲಕೋಟೆ ನನ್ನ ಬೀರುವಿನಲ್ಲಿ ಉಳಿಯಿತು.

ಬೇಸಿನವನು ಈಗ ಮನೆಯ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾನೆ. ಕೀಬೋರ್ಡಿನವನು ಬೆಂಗಳೂರಿಗೆ ಹೋದ. ಗಿಟಾರಿನವನು ರೈಲಿನಲ್ಲಿ ಬರುವುದು ನಿಲ್ಲಿಸಿದ.

2021ರಲ್ಲಿ ಹಾಡುಗಾರ ಫೋನ್ ಮಾಡಿದ. ಅವನಿಗೆ ಮಗು ಹುಟ್ಟಿತ್ತು. ಅದೂ ಇದೂ ಮಾತಾಡಿ ಕೊನೆಗೆ, "ಅಕ್ಕಾ, ಕಂಪನಿದು ಬಿಡು. ನಮ್ಮ ಹಳೇ ವಿಡಿಯೋ ಇನ್ನೂ ಐತಲ್ಲ, ಅದರ ಕೆಳಗಿನ ಸಾಲು ತಿದ್ದಬಹುದಾ?" ಅಂದ. ಗಿಟಾರಿನವನ ಹತ್ತಿರ ಪಾಸ್‌ವರ್ಡ್ ಇತ್ತು, ತಕ್ಷಣ ಕಳಿಸಿದ. ಮೂವರೂ ಫೋನಿನಲ್ಲೇ ಕೂತು ಒಂದು ಸಾಲಿಗೆ ಒಂದು ಗಂಟೆ ತೆಗೆದುಕೊಂಡೆವು. ಸಂಗೀತ ಅಂತ ಎರಡು ಹೆಸರು ಹಾಕಿದೆವು, ಗಿಟಾರಿನವನದು ಮತ್ತು ತಮ್ಮನದು. ಅದರ ಕೆಳಗೆ, ನಡೆ: ನಮ್ಮ ಸೀಮೆಯ ಜಾತ್ರೆಗಳ ಸಮಾಳ.

ಮರುದಿನ ಬೆಳಿಗ್ಗೆ ಭಟ್ಟಿಗೆ ಹೋದೆ. ತಮ್ಮ ಟವೆಲಿಗೆ ಕೈ ಒರೆಸಿಕೊಂಡು ಫೋನ್ ಹಿಡಿದ. ಎರಡು ಸಲ ಓದಿದ. "ಜಾತ್ರೆದು ಅಂತಾನೂ ಬರ್ದೀಯಲ್ಲಕ್ಕ" ಅಂದ. ಹೊಟ್ಟು ಹಾಕುವ ಹೊತ್ತಾಗಿತ್ತು, ಒಲೆ ಕಡೆ ಹೋದ. ಅಲ್ಲಿಂದಲೇ ತಿರುಗಿ, "ಆ ಲಕೋಟೆ ಸಂಜೆ ತಗೊಂಡು ಬಾ" ಅಂದ.

ಸಂಜೆ ಕೊಟ್ಟೆ. ಪುಸ್ತಕ ತೆಗೆದು ತಾರೀಕು ಹಾಕಿದೆ. ಹೋದದ್ದು, 12,000. ಯಾತಕ್ಕೆ ಅನ್ನುವ ಕಡೆ ಹಾಡು ಅಂತ ಬರೆದೆ.